ಕಾರ್ಖಾನೆ ಮುಚ್ಚಿದ ಮೇಲೆ ಲೇತ್ ಎಲ್ಲಿಗೆ ಹೋಯ್ತು?

ಇವತ್ತಿನ ಚರಿತ್ರೆ ಒಂದು ಫೋನ್ ಸ್ಕ್ರೀನಿಂದ ಶುರುವಾಗುತ್ತೆ.

ಕಡೂರು ತಾಲ್ಲೂಕಿನ ಯಗಟಿಯಲ್ಲಿ ಒಬ್ಬ ಹುಡುಗ ಇದ್ದಾನೆ ಅಂದ್ಕೊಳ್ಳಿ. ಐಟಿಐನಲ್ಲಿ ಟರ್ನರ್ ಕೋರ್ಸ್ ಮುಗಿಸಿ, ಪೀಣ್ಯದಲ್ಲಿ ನಾಲ್ಕು ವರ್ಷ ದುಡಿದು, ಊರಿಗೆ ವಾಪಸ್ ಬಂದಿದ್ದಾನೆ. ಸುತ್ತ ತೆಂಗಿನ ತೋಟ, ಬೋರ್‌ವೆಲ್, ಟ್ರ್ಯಾಕ್ಟರ್. ಪಂಪಿನ ಶಾಫ್ಟ್ ಸವೆದರೂ ಟ್ರೇಲರ್ ಪಿನ್ ಮುರಿದರೂ ರೈತರು ಪೇಟೆಗೆ ಓಡಬೇಕು. ಊರಲ್ಲೇ ಒಂದು ವರ್ಕ್‌ಶಾಪ್ ಹಾಕಿದ್ರೆ? ಹೊಸ ಲೇತ್ ಕೊಳ್ಳೋಕೆ ದುಡ್ಡಿಲ್ಲ. ಅದಕ್ಕೇ ಫೋನಲ್ಲಿ ಆನ್‌ಲೈನ್ ಹರಾಜು ನೋಡ್ತಿದ್ದಾನೆ. ಒಂದು ಫೋಟೊ, ಕೆಳಗೆ ಒಂದೇ ಸಾಲು: ಸೆಂಟರ್ ಲೇತ್, ಹಳೆಯದು, ಇದ್ದಲ್ಲಿ ಇದ್ದ ಹಾಗೇ.

ಆ ಲೇತ್ ಎಲ್ಲಿಂದ ಬಂತು? ಅದು ಗೊತ್ತಾಗಬೇಕಾದ್ರೆ ಯಗಟಿಯ ಸುತ್ತಲ ಭೂಪಟ ಬಿಚ್ಚಬೇಕು.

ಮೊದಲು ಪಕ್ಕದ ತರೀಕೆರೆ. ಕೆಮ್ಮಣ್ಣುಗುಂಡಿ ಅಂದ್ರೆ ನಮಗೆ ಮಂಜು, ಗುಲಾಬಿ ತೋಟ, ರೀಲ್ಸ್. ಆದ್ರೆ ಆ ಗುಡ್ಡದ ಕಬ್ಬಿಣದ ಅದಿರು ಭದ್ರಾವತಿಗೆ ಇಳಿದು ಹೋಗ್ತಿತ್ತು. ವಿಶ್ವೇಶ್ವರಯ್ಯನವರ ಕನಸಿನ ಆ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಕರಗೋಕೆ ಶುರುವಾಯ್ತು. ಇಷ್ಟು ದೊಡ್ಡ ಕಾರ್ಖಾನೆ ತನ್ನ ಯಂತ್ರಗಳನ್ನು ತಾನೇ ರಿಪೇರಿ ಮಾಡ್ಕೋಬೇಕು. ಅಂದ್ರೆ ಲೇತ್, ಡ್ರಿಲ್ಲಿಂಗ್, ಮಿಲ್ಲಿಂಗ್ ಮಷಿನ್ ಬೇಕು. ಅವನ್ನು ಓಡಿಸೋ ಕೈಗಳೂ ಬೇಕು.

ಎರಡನೆಯದು ಹರಿಹರ. ಅಜ್ಜಂಪುರ, ಬೀರೂರು, ಕಡೂರು ದಾಟಿ ಬೆಂಗಳೂರಿಗೆ ಹೋಗುತ್ತಲ್ಲ, ಅದೇ ರೈಲು ಮಾರ್ಗ. ಅಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಹುಟ್ಟಿತು. ಅವರು ತಯಾರಿಸಿದ್ದು ಯಂತ್ರ ಮಾಡುವ ಯಂತ್ರಗಳನ್ನು. ಆ ಬಡಾವಣೆಗೆ ಹೆಸರೇ ಯಂತ್ರಾಪುರ! ಆ ಲೇತ್‌ಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪ್ ಸೇರಿದವು.

ಮೂರನೆಯದು ಬೆಂಗಳೂರಿನ ಜಾಲಹಳ್ಳಿ. 1953ರಲ್ಲಿ ಎಚ್‌ಎಂಟಿ ಸ್ಥಾಪನೆಯಾಯ್ತು, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ. ನಮ್ಮ ಅಪ್ಪಂದಿರ ಕೈಗೆ ಎಚ್‌ಎಂಟಿ ವಾಚ್ ಬಂದಿದ್ದು ಆಮೇಲೆ, 1961ರಿಂದ. ಅದಕ್ಕೂ ಮೊದಲು ಅವರು ತಯಾರಿಸಿದ್ದು ಲೇತ್. ಹಳೇ ಟರ್ನರ್‌ಗಳ ಮುಂದೆ ‘ಎಚ್ 22’ ಅಂದು ನೋಡಿ, ಮುಖ ಅರಳುತ್ತೆ.

ಆಮೇಲೆ ಕಾಲ ಮಗುಚಿತು. ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದಲ್ಲೇ ಬಾಗಿಲು ಹಾಕಿತು. ಎಚ್‌ಎಂಟಿ ವಾಚ್ ಘಟಕಗಳನ್ನು ಮುಚ್ಚೋಕೆ 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಭದ್ರಾವತಿ ಕಾರ್ಖಾನೆಗೆ ನೂರು ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನ ಬಂತು. ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಒಂದು ಭಾಗ ಮತ್ತೆ ಓಡಿತು.

ಕಾರ್ಖಾನೆ ಮುಚ್ಚಿದ್ರೆ ಮನುಷ್ಯರು ಮನೆಗೆ ಹೋಗ್ತಾರೆ. ಮಷಿನ್ ಹರಾಜಿಗೆ ಹೋಗುತ್ತೆ.

ಮೊದಲು ಹರಾಜು ಅಂದ್ರೆ ಕೂಗೋದು: ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಗೇಟಿನ ಹತ್ತಿರ ಇದ್ದವರಿಗೆ, ಗುಜರಿ ವ್ಯಾಪಾರದ ಒಳಗುಟ್ಟು ಬಲ್ಲವರಿಗೆ ಮಾತ್ರ ಸುದ್ದಿ ಗೊತ್ತಾಗ್ತಿತ್ತು. ಈಗ ಸರ್ಕಾರಿ ಕಂಪನಿಗಳ ಹಳೇ ಸಾಮಾನು ಹೆಚ್ಚಾಗಿ ಆನ್‌ಲೈನ್‌ನಲ್ಲೇ ಬಿಕರಿಯಾಗುತ್ತೆ. 1964ರಲ್ಲಿ ಗುಜರಿ ಕಬ್ಬಿಣದ ರಫ್ತು ನೋಡಿಕೊಳ್ಳೋಕೆ ಹುಟ್ಟಿದ ಎಂಎಸ್‌ಟಿಸಿ ಇವತ್ತು ಇ-ಹರಾಜಿನ ದೊಡ್ಡ ವೇದಿಕೆ. ಹೆಸರು ನೋಂದಾಯಿಸಿ, ಠೇವಣಿ ಕಟ್ಟಿದ್ರೆ, ಯಗಟಿಯಿಂದಲೇ ಬಿಡ್ ಹಾಕಬಹುದು.

ಬಾಗಿಲು ತೆರೆದಿದೆ, ನಿಜ. ಆದ್ರೆ ಹೊಸ್ತಿಲು ಎಡವೋ ಜಾಗ ಇಲ್ಲೇ. ‘ಇದ್ದಲ್ಲಿ ಇದ್ದ ಹಾಗೇ’ ಅಂದ್ರೆ ವಾರಂಟಿ ಇಲ್ಲ, ವಾಪಸ್ ಇಲ್ಲ. ಬಿಡ್ ಗೆದ್ದರೂ ಎಷ್ಟೋ ಸಲ ಮಾರುವವರ ಒಪ್ಪಿಗೆ ಬಾಕಿ ಇರುತ್ತೆ. ಮೇಲೆ ಜಿಎಸ್‌ಟಿ. ಸುಮಾರು ಎರಡು ಟನ್ ತೂಕ, ಅಂದ್ರೆ ಕ್ರೇನ್, ಲಾರಿ. ಹೇಳಿದ ದಿನದೊಳಗೆ ಎತ್ತದಿದ್ರೆ ನೆಲಬಾಡಿಗೆ. ಬಿಡ್ ದರಕ್ಕೆ ಇದನ್ನೆಲ್ಲ ಕೂಡಿಸಿ, ಆಮೇಲೆ ಬೆರಳು ಒತ್ತಿ.

ಇನ್ನು ಫೋಟೊ ಹೇಳದ ಸತ್ಯ. ಹಸಿರು ಪೇಂಟ್ ಹೊಸದಾಗಿ ಬಳಿದಿರಬಹುದು, ಸವೆತಕ್ಕೆ ಪೇಂಟ್ ಹೊಡೆಯೋಕಾಗಲ್ಲ. ಲೇತ್‌ನಲ್ಲಿ ಹೆಚ್ಚು ಕೆಲಸ ನಡೆಯೋದು ಚಕ್ ಹತ್ತಿರ, ಹಾಗಾಗಿ ಬೆಡ್ ಸವೆಯೋದೂ ಅಲ್ಲೇ. ಸ್ಯಾಡಲನ್ನು ಚಕ್ ಪಕ್ಕ ಸರಾಗವಾಗಿ ಓಡುವಷ್ಟು ಬಿಗಿ ಮಾಡಿ, ಟೇಲ್‌ಸ್ಟಾಕ್ ಕಡೆಗೆ ತಳ್ಳಿ. ಅಲ್ಲಿ ಸಿಕ್ಕಿಹಾಕಿಕೊಂಡ್ರೆ ಬೆಡ್ ಸವೆದಿದೆ ಅಂತ ಅರ್ಥ. ಅದಕ್ಕೇ ಪರಿಶೀಲನೆಗೆ ಅಂತ ಕೊಟ್ಟ ದಿನ ಖುದ್ದಾಗಿ ಹೋಗಿ, ಡಯಲ್ ಗೇಜ್ ಜೇಬಲ್ಲಿರಲಿ.

ಹೀಗೆ ಅಳೆದು ನೋಡೋದಕ್ಕೂ ಒಂದು ಚರಿತ್ರೆ ಇದೆ. ಜರ್ಮನಿಯ ಪ್ರೊಫೆಸರ್ ಗೇಯಾರ್ಗ್ ಶ್ಲೆಸಿಂಗರ್ 1927ರಲ್ಲಿ ಯಂತ್ರಗಳ ನಿಖರತೆ ಪರೀಕ್ಷಿಸುವ ಪುಸ್ತಕ ತಂದರು. ಎಲ್ಲಿ ಅಳೀಬೇಕು, ಎಷ್ಟು ವ್ಯತ್ಯಾಸ ಒಪ್ಪಬಹುದು, ಎಲ್ಲವೂ ಅದರಲ್ಲಿತ್ತು. ಯೆಹೂದಿಯಾಗಿದ್ದ ಅವರನ್ನು ನಾಜಿಗಳು ಬಂಧಿಸಿದರು. ಅವರು ದೇಶ ಬಿಟ್ಟು ಕೊನೆಗೆ ಇಂಗ್ಲೆಂಡ್ ಸೇರಿದರು. ಅವರ ವಿಧಾನ ಮಾತ್ರ ಜಗತ್ತಿನ ವರ್ಕ್‌ಶಾಪ್‌ಗಳಲ್ಲೆಲ್ಲ ಉಳೀತು.

ಸರಿ, ಲೇತ್ ಯಗಟಿಗೆ ಬಂತು. ಗಟ್ಟಿ ಕಾಂಕ್ರೀಟ್ ಮೇಲೆ ಕೂರಿಸಬೇಕು. ತೋಟದ ಪಂಪಿನ ಲೈನಿಂದ ಕರೆಂಟ್ ಎಳೆಯೋದು ಬೇಡ, ಅದು ತಪ್ಪು, ದಿನವಿಡೀ ತ್ರೀ-ಫೇಸ್ ಬರೋದೂ ಇಲ್ಲ. ಮೆಸ್ಕಾಂನಿಂದ ಕೈಗಾರಿಕಾ ಸಂಪರ್ಕ ತಗೊಳ್ಳಿ. ಮೊದಲ ಸಲ ಓಡಿಸುವಾಗ ಚಕ್ ತೆಗೆದಿಡಿ. ಎರಡು ಫೇಸ್ ಅದಲುಬದಲಾಗಿದ್ರೆ ಮೋಟಾರ್ ಉಲ್ಟಾ ತಿರುಗುತ್ತೆ, ಮರೆ ಇರುವ ಹಳೇ ಚಕ್ ಬಿಚ್ಚಿಕೊಂಡು ಮೈಮೇಲೆ ಬರಬಹುದು. ಆಮೇಲೆ ಸ್ಪಿರಿಟ್ ಲೆವೆಲ್. ಕೊನೆಗೆ ಚಕ್‌ಗೆ ಒಂದು ದಪ್ಪ ಸರಳು ಕಚ್ಚಿಸಿ, ಟೇಲ್‌ಸ್ಟಾಕ್ ಆಸರೆ ಇಲ್ಲದೆ, ಎರಡು ಕಡೆ ತೆಳ್ಳಗೆ ಟರ್ನ್ ಮಾಡಿ ಮೈಕ್ರೋಮೀಟರ್‌ನಲ್ಲಿ ಅಳೀರಿ. ಅಳತೆ ಬೇರೆಬೇರೆ ಬಂದ್ರೆ ಮೊದಲ ಅನುಮಾನ ಬೆಡ್ ತಿರುಚಿಕೊಂಡಿದೆ ಅನ್ನೋದು. ಕಾಲಿನ ಬೋಲ್ಟ್ ಸ್ವಲ್ಪ ಸ್ವಲ್ಪ ತಿರುಗಿಸಿ ಸರಿ ಮಾಡ್ಕೊಳ್ಳಿ.

ಇದನ್ನೆಲ್ಲ ಯಾರು ಹೇಳಿಕೊಡ್ತಾರೆ? ಆ ಹರಾಜಿನ ಪಟ್ಟಿಯಲ್ಲಿ ಒಂದು ಸಾಮಾನು ಇರೋದೇ ಇಲ್ಲ: ಮೂವತ್ತು ವರ್ಷ ಆ ಲೇತ್ ಮುಂದೆ ನಿಂತ ಮನುಷ್ಯ. ಗೇರ್ ಸದ್ದು ಕೇಳಿಯೇ ಕಾಯಿಲೆ ಹೇಳೋರು ಭದ್ರಾವತಿಯಲ್ಲಿ, ಹರಿಹರದಲ್ಲಿ ಇವತ್ತು ನಿವೃತ್ತರಾಗಿ ಮನೆ ಜಗಲಿ ಮೇಲೆ ಕೂತಿದ್ದಾರೆ. ಮಷಿನ್ ಇನ್ನೈವತ್ತು ವರ್ಷ ಬಾಳಬಹುದು. ಅವರಿಗೆ ಅಷ್ಟು ಕಾಲ ಇಲ್ಲ.

ಹಾಗಾಗಿ ಬಿಡ್ ಹಾಕೋ ಮೊದಲು ಆ ಹುಡುಗ ಬೀರೂರಲ್ಲಿ ರೈಲು ಹತ್ತಲಿ. ಭದ್ರಾವತಿಯಲ್ಲಿಳಿದು ಅಂಥ ಒಬ್ಬರ ಮನೆ ಹುಡುಕಲಿ. ‘ಯಜಮಾನ್ರೇ, ಒಂದು ಲೇತ್ ನೋಡೋಕೆ ನನ್ನ ಜೊತೆ ಬರ್ತೀರಾ?’ ಅಂತ ಕೇಳಲಿ.

ಮುಂದಿನ ಕಂತಿನಲ್ಲಿ ಸಿಗೋಣ. ನಿಮ್ಮ ಮನೆಯಲ್ಲೂ ಅಂಥ ಅಜ್ಜ ಇದ್ರೆ, ಇವತ್ತೇ ಮಾತಾಡಿಸಿ.