ಅತ್ಯಾಚಾರ ಸಂತ್ರಸ್ತೆಗೆ ಚಿಕಿತ್ಸೆ: ಮೊದಲು ಪೊಲೀಸ್ ದೂರು ಬೇಕೇ?

‘ಮೊದಲು ಠಾಣೆಗೆ ಹೋಗಿ ದೂರು ಕೊಡಬೇಕು, ಆಮೇಲೆಯೇ ಆಸ್ಪತ್ರೆಯವರು ಮುಟ್ಟುತ್ತಾರೆ’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದು ತಪ್ಪು. ಇದನ್ನು ನಂಬಿ ಕಾಯುವುದು ಅಪಾಯಕಾರಿಯೂ ಹೌದು.

ಕಾನೂನು ಏನು ಹೇಳುತ್ತದೆ?
ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಹಿಂದಿನ ಕಿಮ್ಸ್) ಇರಲಿ, ಧಾರವಾಡದ ಜಿಲ್ಲಾಸ್ಪತ್ರೆ ಇರಲಿ, ನಿಮ್ಮ ಓಣಿಯ ಖಾಸಗಿ ನರ್ಸಿಂಗ್ ಹೋಮ್ ಇರಲಿ, ಸಂತ್ರಸ್ತೆಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. 2013ರಿಂದ ಇದು ಕಾನೂನು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂನಲ್ಲಿದೆ. ನಿರಾಕರಿಸಿದರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಪೊಲೀಸರಿಗೆ ಮಾಹಿತಿ ಕೊಡುವುದು ಆಸ್ಪತ್ರೆಯ ಕೆಲಸ. ವಯಸ್ಕ ಮಹಿಳೆ ದೂರು ಬೇಡವೆಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ ಎನ್ನುತ್ತದೆ ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ.

ತಡವಾದರೆ ಏನಾಗುತ್ತದೆ?
ಎಚ್‌ಐವಿ ತಡೆಯುವ ಮಾತ್ರೆಗಳನ್ನು 72 ಗಂಟೆಗಳೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ತುರ್ತು ಗರ್ಭನಿರೋಧಕ ಮಾತ್ರೆಯನ್ನು ಐದು ದಿನಗಳವರೆಗೆ ಕೊಡಬಹುದಾದರೂ ತಡವಾದಷ್ಟೂ ಅದರ ಪರಿಣಾಮ ಕಡಿಮೆ. ಹೆಪಟೈಟಿಸ್ ಬಿ ಲಸಿಕೆ, ಗಾಯದ ಆರೈಕೆ, ಮನಸ್ಸಿಗೆ ಆಸರೆ ಇವೆಲ್ಲವೂ ಚಿಕಿತ್ಸೆಯ ಭಾಗವೇ. ಗರ್ಭ ನಿಂತರೆ 24 ವಾರಗಳವರೆಗೆ ಗರ್ಭಪಾತಕ್ಕೆ ಅವಕಾಶವಿದೆ.

ಸ್ನಾನ ಮಾಡಿಬಿಟ್ಟಿದ್ದರೆ?
ಆದರೂ ಹೋಗಿ. ಕೆಲವು ಸಾಕ್ಷ್ಯ ಕಡಿಮೆಯಾಗಬಹುದು, ಚಿಕಿತ್ಸೆಯ ಹಕ್ಕು ಕಡಿಮೆಯಾಗುವುದಿಲ್ಲ. ತೊಟ್ಟಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ಒಯ್ಯಿರಿ.

‘ಎರಡು ಬೆರಳಿನ ಪರೀಕ್ಷೆ’ ಮಾಡುತ್ತಾರೆಯೇ?
ಮಾಡುವಂತಿಲ್ಲ. ಅದಕ್ಕೆ ವೈಜ್ಞಾನಿಕ ಆಧಾರವೇ ಇಲ್ಲ. ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಯಾವುದೇ ಪರೀಕ್ಷೆಗೆ ಸಂತ್ರಸ್ತೆಯ ಒಪ್ಪಿಗೆ ಬೇಕು.

ಯುದ್ಧಭೂಮಿಯ ಪಾಠ
ಕಾಂಗೋ ದೇಶದ ಯುದ್ಧದ ನಡುವೆ ಡಾ. ಡೆನಿಸ್ ಮುಕ್ವೆಗೆ 1999ರಲ್ಲಿ ಪಾಂಜಿ ಆಸ್ಪತ್ರೆ ಕಟ್ಟಿದರು. ಶಸ್ತ್ರಚಿಕಿತ್ಸೆಯೊಂದೇ ಸಾಲದು ಎಂದು ಕಂಡುಕೊಂಡ ಅವರು ಆಪ್ತ ಸಮಾಲೋಚನೆ, ಕಾನೂನು ನೆರವು, ದುಡಿಮೆಯ ದಾರಿಯನ್ನೂ ಜೊತೆಗೆ ಸೇರಿಸಿದರು. 2018ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನೆರವೆಲ್ಲ ಒಂದೇ ಸೂರಿನಡಿ ಸಿಗಬೇಕು ಎಂಬುದೇ ನಮ್ಮ ‘ಸಖಿ’ ಕೇಂದ್ರಗಳ ಉದ್ದೇಶವೂ ಆಗಿದೆ.

ನೆನಪಿಡಿ
ಯಾರಾದರೂ ನಿಮ್ಮಲ್ಲಿ ಹೇಳಿಕೊಂಡರೆ ‘ಯಾಕೆ ಹೋಗಿದ್ದೆ?’ ಎಂದು ಕೇಳಬೇಡಿ. ಅವರು ಒಪ್ಪಿದರೆ ಆಸ್ಪತ್ರೆಗೆ ಜೊತೆಯಾಗಿ ಹೋಗಿ. ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112.