ವಿದ್ಯುದ್ಭಂಗವೂ ಯಂತ್ರಶಾಲೆಯೂ

1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಸೇರಿ, ಮೂರು ವರ್ಷಗಳ ತರುವಾಯ ಬೆಂಗಳೂರಿನ ಬೀದಿಗಳನ್ನೂ ಬೆಳಗಿದಂದಿನಿಂದ, ಈ ನಾಡಿನ ಕೈಗಾರಿಕೆಯ ಭಾಗ್ಯವು ಮಳೆರಾಯನ ಕೃಪೆಗೆ ಕಟ್ಟುಬಿದ್ದಿತೆಂದರೆ ಅತ್ಯುಕ್ತಿಯಾಗದು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರವು ಚಾಲನೆಗೊಳ್ಳುವವರೆಗೂ ಕರ್ನಾಟಕದ ವಿದ್ಯುತ್ತು ಬಹುಮಟ್ಟಿಗೆ ಜಲಜನ್ಯವೇ. ಲಿಂಗನಮಕ್ಕಿ ಜಲಾಶಯ ತುಂಬದ ವರ್ಷ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಷೆಡ್ಡುಗಳಿಗೂ ವಿದ್ಯುತ್ತಿನ ಕ್ಷಾಮವೇ ಆಗುತ್ತಿತ್ತು.

ಆದರೂ ಹಳೆಯ ಲೇತಿಗೆ ಈ ಕ್ಷಾಮವು ಮಾರಕವಾಗಿರಲಿಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್.ಎಂ.ಟಿ.ಯ ಲೇತಿನ ಮುಂದೆ ನಿಂತ ಟರ್ನರನು, ಕರೆಂಟು ಹೋದೊಡನೆ ಕೈಚಕ್ರವನ್ನು ತಿರುಗಿಸಿ ಟೂಲನ್ನು ಹಿಂದೆಗೆದು, ಕಾಫಿ ಕುಡಿದು ಬಂದು, ಬಿಟ್ಟಲ್ಲಿಂದಲೇ ಕೆಲಸವನ್ನು ಮುಂದುವರಿಸಬಹುದಾಗಿತ್ತು. ಅಳತೆಯ ನೆನಪು ಅವನ ಬೆರಳುಗಳಲ್ಲಿ ಇದ್ದಿತೇ ಹೊರತು ಯಂತ್ರದಲ್ಲಲ್ಲ.

1952ರಲ್ಲಿ ಅಮೆರಿಕೆಯ ಎಂ.ಐ.ಟಿ.ಯಲ್ಲಿ, ರಂಧ್ರಪಟ್ಟಿಯ ಆದೇಶದಂತೆ ಚಲಿಸುವ ಮಿಲ್ಲಿಂಗ್ ಯಂತ್ರವು ಪ್ರದರ್ಶಿತವಾದಾಗಲೇ ಆ ನೆನಪು ಕೈಯಿಂದ ಯಂತ್ರಕ್ಕೆ ವರ್ಗವಾಗತೊಡಗಿತ್ತು. ಪಟ್ಟಿಯ ಸ್ಥಾನಕ್ಕೆ ಗಣಕವು ಬಂದು, ಸಿ.ಎನ್.ಸಿ. ಯಂತ್ರಗಳು ಕ್ರಮೇಣ ನಮ್ಮ ಸಣ್ಣ ಘಟಕಗಳನ್ನೂ ಪ್ರವೇಶಿಸಿದ ಮೇಲೆ, ವಿರಾಮವಾಗಿದ್ದ ಅದೇ ವಿದ್ಯುದ್ಭಂಗವು ಆಘಾತವಾಯಿತು. ರಂಧ್ರದೊಳಗೆ ತಿರುಪಿನ ಎಳೆ ಕೊರೆಯುತ್ತಿರುವ ಟ್ಯಾಪಿಗೆ ಸ್ಪಿಂಡಲಿನ ಸುತ್ತೂ ಅಕ್ಷದ ಚಲನೆಯೂ ಕೂದಲೆಳೆಯಷ್ಟೂ ತಪ್ಪದೆ ಹೊಂದಿರಬೇಕು. ಶಕ್ತಿಯು ಹಠಾತ್ತನೆ ಕಡಿದಾಗ ಎರಡೂ ತಮ್ಮ ತಮ್ಮ ಜಡತೆಗನುಸಾರವಾಗಿ ನಿಲ್ಲುವುದರಿಂದ ತಾಳ ತಪ್ಪಿ, ಟ್ಯಾಪು ಅಲ್ಲಿಯೇ ಮುರಿಯುವುದುಂಟು. ಕಾರ್ಬೈಡ್ ಇನ್ಸರ್ಟಿನ ಅಂಚು ಚಕ್ಕೆಯೇಳುವುದು, ಜಾಬಿನ ಮೈಮೇಲೆ ಗಾಯದಂಥ ಗೆರೆಯುಳಿಯುವುದು. ಬ್ರೇಕು ಸವೆದಿದ್ದರೆ ಭಾರವಾದ ಹೆಡ್ಡು ತಾನಾಗಿಯೇ ಕೆಳಗೆ ಜಾರುವುದು. ಕರೆಂಟು ಮರಳಿದ ಬಳಿಕವೂ ಕಷ್ಟ ಮುಗಿಯದು: ಅಕ್ಷದ ಸ್ಥಾನವನ್ನಳೆಯುವ ಹಳೆಯ ಎನ್‌ಕೋಡರುಗಳಿಗೆ ತಾವಿದ್ದ ಸ್ಥಾನವೇ ಮರೆತುಹೋಗಿರುವುದರಿಂದ ಯಂತ್ರವನ್ನು ಮೊದಲು ಹೋಮ್‌ಗೆ, ಎಂದರೆ ಅದರ ಮೂಲಸ್ಥಾನಕ್ಕೆ, ಕಳುಹಿಸಬೇಕು, ಟೂಲು ಜಾಬಿನೊಳಗೆ ಸಿಕ್ಕಿರುವಾಗ ಆಪರೇಟರನು ಅವಸರದಿಂದ ಹಾಗೆ ಮಾಡಿದನೆಂದರೆ, ಕಡಿತವು ಮುರಿಯದೆ ಬಿಟ್ಟುದನ್ನು ಅವನೇ ಮುರಿಯುವನು.

ಜನರೇಟರು ಇದಕ್ಕೆ ಮದ್ದೆಂದು ನಂಬಿದವರು ಹಲವರು. ಅದು ಎಚ್ಚೆತ್ತು ಗುಡುಗುವ ಕೆಲವೇ ಸೆಕೆಂಡುಗಳಲ್ಲಿ ಆಗಬೇಕಾದ ಅನರ್ಥವೆಲ್ಲ ಆಗಿಹೋಗಿರುತ್ತದೆ. ಯು.ಪಿ.ಎಸ್. ನಿಯಂತ್ರಕದ ಸ್ಮೃತಿಯನ್ನು ಉಳಿಸಬಲ್ಲುದು, ಸ್ಪಿಂಡಲಿನ ಹೊರೆಯನ್ನು ಹೊರಬೇಕಾದರೆ ಅದರ ಬೆಲೆಯೇ ಬೇರೆ. ನಿಲ್ಲುತ್ತಿರುವ ಸ್ಪಿಂಡಲಿನ ಶಕ್ತಿಯನ್ನೇ ಹಿಂಪಡೆದು ಟೂಲನ್ನು ಮೇಲೆತ್ತಿಕೊಳ್ಳುವ ಜಾಣ ಡ್ರೈವುಗಳೂ ಬಂದಿವೆ. ಅವಿಲ್ಲದೆಡೆಯಲ್ಲಿ, ಅರ್ಧ ಕೊರೆದ ಜಾಬನ್ನು ಮತ್ತೆ ಹಿಡಿದು ಸರಿಪಡಿಸುವುದಕ್ಕಿಂತ ಗುಜರಿಗೆ ಹಾಕುವುದೇ ಅನೇಕ ವೇಳೆ ಅಗ್ಗ.