ರೋಗಕ್ಕೊಂದು ಹೆಸರು, ಹೆಸರಿಗೊಂದು ನಂಬರು

ಪ್ಲಸ್ ಟು ಫಲಿತಾಂಶ ಬಂದ ಕೂಡಲೇ ನಮ್ಮ ಗಡಿನಾಡಿನ ಶಾಲೆಗಳ ಸ್ಟಾಫ್ ರೂಮಿನಲ್ಲಿ ಈಗೀಗ ಒಂದು ಪ್ರಶ್ನೆ ಸುರುವಾಗಿದೆ. "ಸರ್, ಈ ಮೆಡಿಕಲ್ ಕೋಡಿಂಗ್ ಅಂದರೆ ಏನು? ಅದಕ್ಕೆ ಹೋಗಬಹುದಾ?" ಹೆತ್ತವರಿಗೆ ಅದೊಂದು ಕಂಪ್ಯೂಟರ್ ಕೋರ್ಸು, ಮಕ್ಕಳಿಗೆ ಅರ್ಧ ಡಾಕ್ಟರಿಕೆ. ಎರಡೂ ಅಲ್ಲ ಮಾರಾಯ್ರೆ. ಅದು ಮುನ್ನೂರು ನಾನೂರು ವರ್ಷ ಹಳೆಯದಾದ ಒಂದು ಲೆಕ್ಕ ಬರೆಯುವ ಕೆಲಸ. ನಮ್ಮ ಕಾಸರಗೋಡಿಗೂ ಆ ಲೆಕ್ಕಕ್ಕೂ ಒಂದು ನಂಟು ಉಂಟು. ಅದಕ್ಕಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಹದಿನೇಳನೇ ಶತಮಾನದ ಲಂಡನ್ನಿನಲ್ಲಿ ವಾರಕ್ಕೊಮ್ಮೆ ಸಾವಿನ ಪಟ್ಟಿ ಅಚ್ಚಾಗುತ್ತಿತ್ತು. ಪ್ಲೇಗು ಬಂತೋ ಇಲ್ಲವೋ, ಊರು ಬಿಡಬೇಕೋ ಬೇಡವೋ ಎಂದು ತಿಳಿಯಲು ಹಣವಂತರು ಅದನ್ನು ಕೊಂಡು ಓದುತ್ತಿದ್ದರು. ಸತ್ತವರ ಮನೆಗೆ ಹೋಗಿ ಕಾರಣ ನೋಡಿ ಬರುತ್ತಿದ್ದವರು ಡಾಕ್ಟರುಗಳಲ್ಲ, ಚರ್ಚು ನೇಮಿಸಿದ ಬಡ ಮುದುಕಿಯರು. ಅವರು ಹೇಳಿದ್ದೇ ಕಾರಣ. "ಹಲ್ಲು" ಎಂಬುದೂ ಆ ಪಟ್ಟಿಯಲ್ಲಿ ಒಂದು ಸಾವಿನ ಕಾರಣ! ಹಲ್ಲು ಬರುವ ವಯಸ್ಸಿನ ಮಗು ಸತ್ತರೆ ಹಲ್ಲಿನ ಮೇಲೆ ಹಾಕುವುದು. ನಗಬೇಡಿ, ನಮ್ಮ ಅಜ್ಜಿಯಂದಿರೂ ಬಾಲಗ್ರಹ, ಸನ್ನಿ, ದೃಷ್ಟಿ ತಾಗಿದ್ದು ಎಂದು ಹೇಳಿ ಮುಗಿಸುತ್ತಿರಲಿಲ್ಲವೇ? ಜಾನ್ ಗ್ರಾಂಟ್ ಎಂಬ ಜವಳಿ ವ್ಯಾಪಾರಿ ಈ ಹಳೆ ಪಟ್ಟಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತು 1662ರಲ್ಲಿ ಒಂದು ಪುಸ್ತಕ ಬರೆದ. ಹುಟ್ಟಿದ ನೂರು ಮಕ್ಕಳಲ್ಲಿ ಮೂವತ್ತಾರು ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಾರೆ ಎಂದು ಅಂದಾಜು ಮಾಡಿದ. ಮುದುಕಿಯರ ಕೈ ಬಿಸಿ ಮಾಡಿದರೆ ಮರ್ಯಾದೆ ಕಳೆಯುವ ಕಾಯಿಲೆಗಳ ಹೆಸರು ಬದಲಾಗುತ್ತದೆ ಎಂಬುದನ್ನೂ ಅವನೇ ಬರೆದಿಟ್ಟ. ದಾಖಲೆಯನ್ನು ಓದುವವನು ಬರೆದವನ ಕೈಯನ್ನೂ ನೋಡಬೇಕು ಎಂಬ ಪಾಠ ಅಲ್ಲಿಂದ ಸುರು.

ಮುಂದೆ 1837ರಲ್ಲಿ ಇಂಗ್ಲೆಂಡಿನಲ್ಲಿ ಜನನ ಮರಣ ನೋಂದಣಿ ಕಚೇರಿ ಬಂತು. ಅಲ್ಲಿಗೆ ಲೆಕ್ಕ ಬರೆಯಲು ಸೇರಿದವನು ವಿಲಿಯಂ ಫಾರ್. ಒಂದೇ ರೋಗಕ್ಕೆ ಒಬ್ಬೊಬ್ಬ ವೈದ್ಯ ಒಂದೊಂದು ಹೆಸರು ಬರೆಯುತ್ತಾನೆ, ಹೀಗಾದರೆ ಕೂಡಿಸುವುದು ಹೇಗೆ ಎಂಬುದು ಅವನ ತಕರಾರು. ಅಂಗಡಿಯಲ್ಲಿ ತೂಕದ ಬಟ್ಟು ಇದ್ದ ಹಾಗೆ ರೋಗಕ್ಕೆ ಒಂದೇ ಹೆಸರು ಬೇಕು ಎಂದು ಜೀವಮಾನವಿಡೀ ಹೋರಾಡಿದ. ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಫಾರ್ ಮೊದಲು ನಂಬಿದ್ದ. ಆದರೆ ಜಾನ್ ಸ್ನೋ ಎಂಬ ವೈದ್ಯ, ಇಲ್ಲ, ನೀರಿನಿಂದ ಎಂದು ವಾದಿಸಿ ಬಂದಾಗ, ತನ್ನ ಕಚೇರಿಯಲ್ಲಿದ್ದ ಕಾಲರಾ ಸಾವುಗಳ ವಿಳಾಸಗಳನ್ನು ಅವನಿಗೆ ಕೊಟ್ಟ. 1854ರಲ್ಲಿ ಸ್ನೋ ಆ ವಿಳಾಸ ಹಿಡಿದು ದಕ್ಷಿಣ ಲಂಡನ್ನಿನ ಮನೆಮನೆಗೆ ಹೋಗಿ, ನಿಮಗೆ ನೀರು ಕೊಡುವ ಕಂಪನಿ ಯಾವುದು ಎಂದು ಕೇಳಿದ. ಊರಿನ ಕೊಳೆ ಸೇರಿದ ಥೇಮ್ಸ್ ನೀರು ಕೊಡುತ್ತಿದ್ದ ಕಂಪನಿಯ ಪ್ರತಿ 10,000 ಮನೆಗಳಲ್ಲಿ 315 ಸಾವು. ಮೇಲ್ಗಡೆಯ ಶುದ್ಧ ನೀರು ಕೊಡುತ್ತಿದ್ದ ಕಂಪನಿಯ ಅಷ್ಟೇ ಮನೆಗಳಲ್ಲಿ 37. ಬರೀ "ಕಾಲರಾ, ಇಷ್ಟು ಜನ" ಎಂದು ಬರೆದಿದ್ದರೆ ಈ ಲೆಕ್ಕ ಸಿಗುತ್ತಿರಲಿಲ್ಲ. ರೋಗದ ಹೆಸರಿನ ಪಕ್ಕದಲ್ಲಿ ಮನೆಯ ವಿಳಾಸವಿತ್ತು, ಅದಕ್ಕೆ ಸಿಕ್ಕಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೇಶದೇಶಗಳಿಗೆಲ್ಲ ಒಂದೇ ಪಟ್ಟಿ ಬೇಕೆಂದು 1853ರಲ್ಲಿ ಬ್ರಸೆಲ್ಸ್ ಸಭೆಯಲ್ಲಿ ಮಾತಾಯಿತು. ಕೊನೆಗೆ ಎಲ್ಲರೂ ಒಪ್ಪಿದ್ದು 1893ರಲ್ಲಿ, ಪ್ಯಾರಿಸ್ಸಿನ ಜಾಕ್ ಬರ್ಟಿಲಾನ್ ತಯಾರಿಸಿದ ಪಟ್ಟಿಯನ್ನು. ಹತ್ತು ವರ್ಷಕ್ಕೊಮ್ಮೆ ತಿದ್ದುತ್ತಾ ಬಂದ ಅದನ್ನು 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಹಿಸಿಕೊಂಡಿತು. ಅದುವರೆಗೆ ಅದು ಮುಖ್ಯವಾಗಿ ಸತ್ತವರ ಪಟ್ಟಿ, ಆ ಆರನೇ ಆವೃತ್ತಿಯಿಂದ ಬದುಕಿರುವ ರೋಗಿಗಳದ್ದೂ ಆಯಿತು. ಇದೇ ಇವತ್ತಿನ ಐಸಿಡಿ. ಹತ್ತನೆಯದಕ್ಕೆ 1990ರಲ್ಲಿ ಒಪ್ಪಿಗೆ ಸಿಕ್ಕಿತು, ಹನ್ನೊಂದನೆಯದು 2022ರ ಜನವರಿ 1ರಿಂದ ಜಾರಿಗೆ ಬಂತು.

ಪಟ್ಟಿ ಇದ್ದರೆ ಸಾಕೇ? ಬರೆಯುವವರು ಬೇಡವೇ? ಇಲ್ಲಿ ಹೆಂಗಸರ ಕಥೆ ಬರುತ್ತದೆ, ಇದು ನನಗೆ ಹೆಚ್ಚು ಇಷ್ಟ. ಅಮೆರಿಕದ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಗ್ರೇಸ್ ವೈಟಿಂಗ್ ಮೈಯರ್ಸ್ ಎಂಬಾಕೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ದಾಖಲೆಗಳ ಗ್ರಂಥಪಾಲಕಿಯಾದಳು. ಆಗಿನ ಡಾಕ್ಟರುಗಳು ಆಪರೇಷನ್ ಮಾಡುವುದರಲ್ಲಿ ನಿಪುಣರು, ಬರೆದಿಡುವುದರಲ್ಲಿ ಸೋಮಾರಿಗಳು. (ಈಗಲೂ ಅಕ್ಷರ ನೋಡಿದರೆ ಗೊತ್ತಾಗುತ್ತದೆ!) ಮೊದಲ ಮಹಾಯುದ್ಧದ ಕಾಲಕ್ಕೆ ಅಲ್ಲಿನ ಶಸ್ತ್ರವೈದ್ಯರ ಕಾಲೇಜು, ಪ್ರತಿ ರೋಗಿಯ ಪೂರ್ತಿ ದಾಖಲೆ ಇಡದ ಆಸ್ಪತ್ರೆಗೆ ಮಾನ್ಯತೆ ಇಲ್ಲ ಎಂದಿತು. ಆಗ ಈ ಕೆಲಸಕ್ಕೆ ಬೆಲೆ ಬಂತು. 1928ರಲ್ಲಿ ದಾಖಲೆ ಪಾಲಕರ ಸಂಘ ಹುಟ್ಟಿತು, ಮೈಯರ್ಸ್ ಅದರ ಮೊದಲ ಅಧ್ಯಕ್ಷೆ. 1930ರ ದಶಕದ ಮಧ್ಯದಲ್ಲಿ ಮಿನ್ನೆಸೋಟಾದ ಡುಲೂತ್ ಎಂಬಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಸೇಂಟ್ ಸ್ಕೊಲಾಸ್ಟಿಕಾ ಕಾಲೇಜಿನಲ್ಲಿ ಇದಕ್ಕೆಂದೇ ಪದವಿ ಕೋರ್ಸು ಸುರುವಾಯಿತು. ಗುಮಾಸ್ತಿಕೆ ಎಂದುಕೊಂಡದ್ದು ಕಾಲೇಜು ವಿದ್ಯೆಯಾದದ್ದು ಹೀಗೆ. ಆ ಸಂಘಕ್ಕೆ 1991ರಲ್ಲಿ ಹೆಸರೇ ಬದಲಾಗಿ "ಆರೋಗ್ಯ ಮಾಹಿತಿ ನಿರ್ವಹಣೆ" ಎಂಬ ಮಾತು ಸೇರಿಕೊಂಡಿತು.

1983ರಲ್ಲಿ ಇನ್ನೊಂದು ತಿರುವು. ಅಮೆರಿಕ ಸರಕಾರ ವೃದ್ಧರ ಆಸ್ಪತ್ರೆ ವಿಮೆಗೆ, ಎಷ್ಟು ದಿನ ಮಲಗಿದರು ಎಂದು ನೋಡದೆ, ಯಾವ ಗುಂಪಿನ ರೋಗ ಎಂದು ನೋಡಿ ಒಂದೇ ಮೊತ್ತ ಕೊಡಲು ಹೊರಟಿತು. ಸುಮಾರು 470 ಗುಂಪುಗಳು. ಯಾವ ಗುಂಪು ಎಂದು ತೀರ್ಮಾನಿಸುವುದು ಕೋಡು. ಅಂದರೆ ಲೆಕ್ಕಕ್ಕಾಗಿ ಇದ್ದ ನಂಬರು ರಾತ್ರೋರಾತ್ರಿ ಹಣವಾಯಿತು! ಚೆನ್ನೈ, ಹೈದರಾಬಾದ್, ಬೆಂಗಳೂರುಗಳಲ್ಲಿ ಇವತ್ತು ನಮ್ಮ ಹುಡುಗ ಹುಡುಗಿಯರಿಗೆ ಸಿಗುವ ಕೋಡಿಂಗ್ ಕೆಲಸದ ಬೇರು ಇಲ್ಲಿದೆ. 2015ರ ಅಕ್ಟೋಬರಿನಲ್ಲಿ ಅಮೆರಿಕ ಹತ್ತನೇ ಆವೃತ್ತಿಗೆ ಬಂದಾಗ ಅವರ ರೋಗದ ಕೋಡುಗಳು ಹದಿಮೂರು ಸಾವಿರ ಚಿಲ್ಲರೆಯಿಂದ ಅರವತ್ತೆಂಟು ಸಾವಿರಕ್ಕೇರಿದವು.

ನಮ್ಮ ದೇಶದಲ್ಲೂ ಈ ಕಲಿಕೆ ಇಲ್ಲದಿರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಪುದುಚೇರಿಯ ಜಿಪ್ಮರ್ ದಶಕಗಳ ಹಿಂದೆಯೇ ಮೆಡಿಕಲ್ ರೆಕಾರ್ಡ್ಸ್ ತರಬೇತಿ ಕೊಟ್ಟವು. ನಮಗೆ ಹತ್ತಿರದ ಮಣಿಪಾಲದಲ್ಲಿ ಇದರಲ್ಲೇ ಪದವಿ, ಸ್ನಾತಕೋತ್ತರ ಪದವಿ ಉಂಟು. 2021ರ ಕೇಂದ್ರ ಕಾನೂನು ಆರೋಗ್ಯ ಮಾಹಿತಿ ನಿರ್ವಹಣೆಯನ್ನು ಒಂದು ಆರೋಗ್ಯ ವೃತ್ತಿಯೆಂದೇ ಪಟ್ಟಿ ಮಾಡಿದೆ. ಹಾಗಾಗಿ, ಮೂರು ತಿಂಗಳಲ್ಲಿ ಕೆಲಸ ಗ್ಯಾರಂಟಿ ಎಂದು ಬೋರ್ಡು ಹಾಕಿದ ಕಡೆ ದುಡ್ಡು ಕಟ್ಟುವ ಮೊದಲು ಅಂಗರಚನೆ ಕಲಿಸುತ್ತಾರೋ ಇಲ್ಲವೋ ಕೇಳಿ. ಕನ್ನಡ ಮಾಧ್ಯಮದ ಮಕ್ಕಳು ಹೆದರಬೇಕಾಗಿಲ್ಲ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸ ಬೇಕೇ ಬೇಕು, ಆದರೆ ಹೆಪಟೈಟಿಸ್ ಎಂಬ ಗ್ರೀಕ್ ಮೂಲದ ಪದ ಇಂಗ್ಲಿಷ್ ಮಾಧ್ಯಮದವರಿಗೂ ಹೊಸತೇ. ಯಕೃತ್ತು, ಉರಿಯೂತ ಎರಡನ್ನೂ ನಮ್ಮ ಪಾಠಪುಸ್ತಕದಲ್ಲಿ ಓದಿದವನಿಗೆ ಅದು ಬೇಗ ಹತ್ತುತ್ತದೆ.

ಈಗ ಕೋಡಿನ ಒಳಗೆ ನೋಡೋಣ. ಅಡಿಕೆ ಕೊಯ್ಯಲು ಹತ್ತಿದವರು ಬಿದ್ದು ತೊಡೆ ಮೂಳೆ ಮುರಿದರೆ ಹತ್ತನೇ ಆವೃತ್ತಿಯಲ್ಲಿ ಎಸ್ 72. ಮರದಿಂದ ಬಿದ್ದದ್ದಕ್ಕೆ ಬೇರೆಯೇ ಕೋಡು, ಡಬ್ಲ್ಯು 14. ಎರಡೂ ಬರೆದರೆ ಮಾತ್ರ ಒಂದು ತಾಲೂಕಿನಲ್ಲಿ ವರ್ಷಕ್ಕೆ ಎಷ್ಟು ಮಂದಿ ಮರದಿಂದ ಬೀಳುತ್ತಾರೆ ಎಂಬ ಲೆಕ್ಕ ಸಿಗುತ್ತದೆ. ಮೊದಲನೆಯದನ್ನು ಮಾತ್ರ ಬರೆದರೆ ಬೈಕಿನಿಂದ ಬಿದ್ದವನೂ ಮರದಿಂದ ಬಿದ್ದವನೂ ಒಂದೇ.

ಇನ್ನು ನಮ್ಮ ಎಣ್ಮಕಜೆ ಪಂಚಾಯತಿನ ಪಡ್ರೆಗೆ ಬನ್ನಿ. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಈ ಬಗೆಯ ಕೀಟನಾಶಕದ ವಿಷಬಾಧೆಗೆ ಐಸಿಡಿಯಲ್ಲಿ ಜಾಗ ಇದೆ, ಟಿ 60.1. ಆದರೆ ಅದನ್ನು ಹಾಕಬೇಕಾದರೆ ವಿಷದಿಂದಲೇ ಆಯಿತೆಂದು ಡಾಕ್ಟರು ಬರೆದಿರಬೇಕು. ಅಪಸ್ಮಾರದ ಮಗು ಆಸ್ಪತ್ರೆಗೆ ಬಂದರೆ ಜಿ 40. ಕೈಕಾಲು ಸೆಟೆದ, ಸೆರೆಬ್ರಲ್ ಪಾಲ್ಸಿಯ ಮಗುವಿಗೆ ಜಿ 80. ತಲೆಯಲ್ಲಿ ನೀರು ತುಂಬಿ ಹುಟ್ಟಿದ್ದಕ್ಕೆ ಕ್ಯೂ 03. ಮೂರೂ ಸರಿಯಾದ ಕೋಡುಗಳೇ. ಆದರೆ ಈ ಮೂರು ಮಕ್ಕಳೂ ಒಂದೇ ಗುಡ್ಡದ ಕೆಳಗಿನವರು ಎಂಬುದು ಯಾವ ಕೋಡಿನಲ್ಲೂ ಇಲ್ಲ. ಒಬ್ಬರು ಮಂಗಳೂರಿಗೆ ಹೋಗಿರುತ್ತಾರೆ, ಇನ್ನೊಬ್ಬರು ಕಾಸರಗೋಡಿಗೆ, ಮತ್ತೊಬ್ಬರು ಎಲ್ಲಿಗೂ ಇಲ್ಲ.

ಅದನ್ನು ಒಟ್ಟಿಗೆ ನೋಡಿದ್ದು ವಾಣೀನಗರದಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಡಾ. ಮೋಹನ್ ಕುಮಾರ್. ಎಲ್ಲ ರೋಗಿಗಳೂ ಬರುವುದು ತನ್ನ ಒಂದೇ ಮೇಜಿಗೆ, ಎಲ್ಲರ ಮನೆಯೂ ಗೊತ್ತು. ಅಪರೂಪದ ಕಾಯಿಲೆಗಳು ಕೆಲವೇ ಮನೆಗಳಲ್ಲಿ ಗುಂಪುಗೂಡಿರುವುದನ್ನು ಕಂಡು 1990ರ ದಶಕದಲ್ಲಿ ಬರೆಯತೊಡಗಿದರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಲೋಕಕ್ಕೆ ತಿಳಿಸಿದರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು, ವಾಣೀನಗರ ಶಾಲೆಯ ಮಕ್ಕಳನ್ನು ಮೀಂಜ ಪಂಚಾಯತಿನ ಶಾಲೆಯೊಂದರ ಮಕ್ಕಳ ಜೊತೆ ಹೋಲಿಸಿ ನೋಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದಿತು.

ಪರಿಹಾರ ಬೇಕಾದರೆ ಪಟ್ಟಿಯಲ್ಲಿ ಹೆಸರಿರಬೇಕು. ಆಸ್ಪತ್ರೆಯ ಹಳೆ ಚೀಟಿಗಳನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಮಾಡಿಗೆ ಸಿಕ್ಕಿಸಿಟ್ಟ ಮನೆಗಳನ್ನು ನಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಹನ್ನೊಂದನೇ ಆವೃತ್ತಿಯಲ್ಲಿ ಒಂದು ರೋಗದ ಕೋಡಿಗೆ ಇನ್ನಷ್ಟು ವಿವರದ ಕೋಡುಗಳನ್ನು ಕೊಂಡಿಯಂತೆ ಜೋಡಿಸಲು ದಾರಿ ಮಾಡಿದ್ದಾರೆ. ಜೋಡಿಸಬೇಕಾದರೆ ಡಾಕ್ಟರು ಬರೆದಿರಬೇಕು. ಡಾಕ್ಟರು ಬರೆಯದಿದ್ದಲ್ಲಿ, "ಇದನ್ನು ಬಿಟ್ಟಿದ್ದೀರಿ, ತುಂಬಿಸಿ ಕೊಡಿ" ಎಂದು ಕಡತ ತಿರುಗಿ ಕಳುಹಿಸುವುದು ಕೋಡಿಂಗ್ ಕಲಿತವರ ಕೆಲಸ. ಕಾಲೇಜಿನಲ್ಲಿ ಅದನ್ನೂ ಕಲಿಸುತ್ತಾರೆ.